ಸಾಮ್ರಾಜ್ಯ ಒಕ್ಕೂಟದ ಬಾಗಿಲು ತಟ್ಟಿದರೆ

ಸ್ಟಾರ್ ಟ್ರೆಕ್ ನೋಡಿ ಬೆಳೆದವರಿಗೆ ಕ್ಲಿಂಗಾನರ ಪರಿಚಯ ಮಾಡಿಕೊಡಬೇಕಾಗಿಲ್ಲ. ನೋಡದವರಿಗಾಗಿ ಎರಡು ಮಾತು. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಈ ಕಥಾಲೋಕದಲ್ಲಿ ಹಲವು ಗ್ರಹಗಳು ತಾವಾಗಿ ಒಪ್ಪಿ ಕಟ್ಟಿಕೊಂಡ ಒಕ್ಕೂಟವೊಂದಿದೆ. ಅದಕ್ಕೊಂದು ಸನ್ನದು, ಒಂದು ಸಭೆ, ಒಬ್ಬ ಅಧ್ಯಕ್ಷ. ಅದರ ಗಡಿಯಾಚೆ ಕ್ಲಿಂಗಾನ್ ಸಾಮ್ರಾಜ್ಯ. ಯುದ್ಧವೇ ಅದರ ಮರ್ಯಾದೆ, ಗೆದ್ದ ನೆಲವೇ ಅದರ ಆಸ್ತಿ. ಇಂಥ ಸಾಮ್ರಾಜ್ಯ ಒಂದು ದಿನ ಒಕ್ಕೂಟಕ್ಕೆ ಅರ್ಜಿ ಹಾಕಿದರೆ ಏನು ಮಾಡಬೇಕು? ಯಾವ ಷರತ್ತು ಹಾಕಬೇಕು? ಯಾರನ್ನು ಕೇಳಬೇಕು?

ಕಥೆ ಬರೆದವರು ಈ ಪ್ರಶ್ನೆಯ ಹತ್ತಿರದವರೆಗೆ ಬಂದಿದ್ದಾರೆ. 1991ರ ಡಿಸೆಂಬರ್‌ನಲ್ಲಿ ತೆರೆಕಂಡ ಆರನೆಯ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಕ್ಲಿಂಗಾನರಿಗೆ ಇಂಧನ ಒದಗಿಸುತ್ತಿದ್ದ ಚಂದ್ರವೊಂದು ಸ್ಫೋಟಗೊಂಡು, ಸೈನ್ಯಕ್ಕೆ ದುಡ್ಡು ಸುರಿಯುವುದು ಇನ್ನು ಸಾಧ್ಯವಿಲ್ಲವೆಂಬ ಸ್ಥಿತಿ ಬರುತ್ತದೆ. ಅವರು ಸಂಧಾನಕ್ಕೆ ಕೂರುತ್ತಾರೆ. ಸೋವಿಯತ್ ಒಕ್ಕೂಟ ಕಣ್ಮರೆಯಾದದ್ದೂ ಅದೇ ತಿಂಗಳು. ಆದರೆ ಸಿನಿಮಾ ಶಾಂತಿ ಒಪ್ಪಂದಕ್ಕೆ ನಿಲ್ಲುತ್ತದೆ, ಸದಸ್ಯತ್ವದವರೆಗೆ ಹೋಗುವುದಿಲ್ಲ. ಸದಸ್ಯತ್ವದ ಮಾತು ಬರುವುದು ಬೇರೆ ಕಂತುಗಳಲ್ಲಿ. 1990ರ ಒಂದು ಕಂತಿನಲ್ಲಿ ಅರ್ಜಿ ಹಾಕಿದ ಗ್ರಹವೊಂದು, ಯುದ್ಧಕ್ಕೆಂದೇ ಮೈಮನಸ್ಸು ಮಾರ್ಪಡಿಸಿದ ತನ್ನ ಸೈನಿಕರನ್ನು ಯುದ್ಧ ಮುಗಿದ ಮೇಲೆ ಚಂದ್ರವೊಂದರಲ್ಲಿ ಕೂಡಿಹಾಕಿರುತ್ತದೆ. ಇದು ಗೊತ್ತಾದಾಗ ಒಕ್ಕೂಟದ ಹಡಗಿನ ನಾಯಕ ಎದ್ದು ಹೊರಡುತ್ತಾನೆ. 1996ರ ಇನ್ನೊಂದು ಕಂತು ನಮಗೆ ಇನ್ನೂ ಹತ್ತಿರದ್ದು. ಪರರ ಆಳ್ವಿಕೆಯಿಂದ ಬಿಡುಗಡೆ ಪಡೆದ ಬೇಜೋರ್ ಎಂಬ ಗ್ರಹ ತನ್ನ ಹಳೆಯ ಜಾತಿಪದ್ಧತಿಯನ್ನು ಮತ್ತೆ ತರಲು ಹೊರಟಾಗ, ಜಾತಿಯ ತಾರತಮ್ಯಕ್ಕೆ ಸನ್ನದಿನಲ್ಲಿ ಜಾಗವಿಲ್ಲ, ಹೀಗಾದರೆ ನಿಮ್ಮ ಅರ್ಜಿ ತಿರಸ್ಕೃತವಾಗುತ್ತದೆ ಎಂಬ ಎಚ್ಚರಿಕೆ ಸಿಗುತ್ತದೆ. ಮನರಂಜನೆಯ ಕಾರ್ಯಕ್ರಮವೊಂದು ಇಷ್ಟು ನೇರವಾಗಿ ಹೇಳಿದ್ದು ಸಣ್ಣ ಸಂಗತಿಯಲ್ಲ.

ಆದರೂ ಈ ಪರೀಕ್ಷೆಗಳಲ್ಲೆಲ್ಲ ಒಂದು ಕೊರತೆ ಇದೆ. ಅರ್ಜಿದಾರ ತನ್ನವರನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಕೇಳುತ್ತಾರೆ. ಅವನು ಗೆದ್ದುಕೊಂಡವರ ಗತಿ ಏನು ಎಂದು ಕೇಳುವುದಿಲ್ಲ. ಸಾಮ್ರಾಜ್ಯದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಹಾಗೆಂದು ನಾನು ಹೇಳುವುದು ಕಥೆಗಳನ್ನು ನೋಡಿ ಅಲ್ಲ, ಪೋರ್ಚುಗಲ್‌ನ ಇತಿಹಾಸವನ್ನು ನೋಡಿ.

ಯುರೋಪಿನ ದೇಶಗಳಲ್ಲಿ ಸಾಮ್ರಾಜ್ಯ ಕಟ್ಟಲು ಮೊದಲು ಹೊರಟದ್ದೂ ಅದನ್ನು ಕೊನೆಯವರೆಗೆ ಬಿಗಿಯಾಗಿ ಹಿಡಿದುಕೊಂಡಿದ್ದೂ ಪೋರ್ಚುಗಲ್. 1415ರಲ್ಲಿ ಉತ್ತರ ಆಫ್ರಿಕಾದ ಸಿಯೂಟಾ ವಶವಾಯಿತು, 1498ರಲ್ಲಿ ವಾಸ್ಕೊ ಡ ಗಾಮ ಮಲಬಾರಿಗೆ ಬಂದ, 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ. ಮುಂದಿನ ಕಥೆ ನಮ್ಮ ಕರಾವಳಿಯವರಿಗೆ ಗೊತ್ತಿರುವಂಥದೇ. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಅವರ ಕೋಟೆಗಳೆದ್ದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಅವರಿಗೆ ಕಪ್ಪ ಕೊಡಲೊಪ್ಪದೆ ಕಾದಾಡಿದಳು. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಗಳನ್ನು ಕಿತ್ತುಕೊಂಡ. ಗೋವಾ ಉಳಿಯಿತು, ಕಾರವಾರದ ಎದುರಿನ ಅಂಜದೀವ್ ದ್ವೀಪವೂ ಉಳಿಯಿತು. ಆಫ್ರಿಕಾದಲ್ಲಿ ಅಂಗೋಲ, ಮೊಜಾಂಬಿಕ್, ಗಿನಿ, ಕೇಪ್ ವರ್ಡ್, ಸಾವೊ ತೊಮೆ ಉಳಿದವು. ದೂರ ಪೂರ್ವದಲ್ಲಿ ತಿಮೋರ್ ಮತ್ತು ಮಕಾವು.

1934ರಲ್ಲಿ ಪೋರ್ತೊ ನಗರದಲ್ಲೊಂದು ವಸಾಹತು ಪ್ರದರ್ಶನ ನಡೆಯಿತು. ಅಲ್ಲಿಗಾಗಿ ತಯಾರಿಸಿದ ಭೂಪಟದಲ್ಲಿ ಅಂಗೋಲ, ಮೊಜಾಂಬಿಕ್‌ಗಳನ್ನು ಯುರೋಪಿನ ಮೇಲೆ ಹಾಸಿ ತೋರಿಸಿದ್ದರು. ಪೋರ್ಚುಗಲ್ ಚಿಕ್ಕ ದೇಶವಲ್ಲ ಎಂಬುದೇ ಅದರ ಮೇಲಿನ ಬರಹ. ಸರ್ವಾಧಿಕಾರಿ ಆಂತೊನಿಯೊ ಸಲಜಾರ್ ತನ್ನ ಪ್ರಜೆಗಳಿಗೆ ಹಂಚಿದ ಹೆಮ್ಮೆ ಇದು. ಬಡತನ ಇತ್ತು, ಅನಕ್ಷರತೆ ಇತ್ತು, ಬಾಯಿ ಬಿಟ್ಟವರನ್ನು ಹಿಡಿದೊಯ್ಯುವ ಗುಪ್ತ ಪೊಲೀಸರಿದ್ದರು. ಇವೆಲ್ಲಕ್ಕೂ ಬದಲಾಗಿ ಭೂಪಟವನ್ನು ಕೊಟ್ಟರು. ಆ ಪ್ರದರ್ಶನದ ಹೊಣೆ ಹೊತ್ತಿದ್ದ ಹೆನ್ರಿಕ್ ಗಾಲ್ವಾವೊ ಎಂಬ ಸೇನಾಧಿಕಾರಿಯೇ ಮುಂದೆ ಸಲಜಾರನ ವಿರುದ್ಧ ತಿರುಗಿಬಿದ್ದು, 1961ರ ಜನವರಿಯಲ್ಲಿ ಸಾಂತಾ ಮರಿಯಾ ಎಂಬ ಪ್ರಯಾಣಿಕರ ಹಡಗನ್ನೇ ಅಪಹರಿಸಿ ಜಗತ್ತಿನ ಗಮನ ಸೆಳೆದ.

ಇನ್ನು ಒಕ್ಕೂಟದ ಕಡೆಗೆ ಬರೋಣ. ಇಂದಿನ ಯುರೋಪಿಯನ್ ಒಕ್ಕೂಟದ ಬೇರು 1957ರ ಮಾರ್ಚ್ 25ರಂದು ಆರು ದೇಶಗಳು ಸಹಿ ಹಾಕಿದ ರೋಮ್ ಒಪ್ಪಂದದಲ್ಲಿದೆ. ಅಂದು ಸಹಿ ಹಾಕಿದ ಫ್ರಾನ್ಸ್ ಅಲ್ಜೀರಿಯಾದಲ್ಲಿ ಕ್ರೂರ ಯುದ್ಧ ನಡೆಸುತ್ತಿತ್ತು. ಅಲ್ಜೀರಿಯಾವನ್ನು ಒಪ್ಪಂದದ ವ್ಯಾಪ್ತಿಗೆ ಸೇರಿಸುವ ವಿಧಿಯೂ ಅದರಲ್ಲಿತ್ತು. ಬೆಲ್ಜಿಯಂ ಕಾಂಗೋವನ್ನು ಆಳುತ್ತಿತ್ತು. ನೆದರ್‌ಲ್ಯಾಂಡ್ಸ್ ಕೈಯಲ್ಲಿ ನ್ಯೂಗಿನಿಯ ಪಶ್ಚಿಮ ಭಾಗವಿತ್ತು. ಅಂದರೆ ಸಾಮ್ರಾಜ್ಯವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಹೊರಗಿನಿಂದ ಬಂದದ್ದಲ್ಲ. ಕಟ್ಟಿದವರಲ್ಲೇ ಸಾಮ್ರಾಜ್ಯಗಳಿದ್ದವು, ಮತ್ತು ಅವರನ್ನು ಯಾರೂ ಪರೀಕ್ಷೆಗೆ ಒಳಪಡಿಸಲಿಲ್ಲ. ಯುರೋಪಿನ ಪ್ರಜಾಪ್ರಭುತ್ವದ ಕಥೆಯನ್ನು ಹೇಳುವವರು ಈ ಪುಟವನ್ನು ಸಾಮಾನ್ಯವಾಗಿ ಮಡಿಚಿಡುತ್ತಾರೆ. ಅಂಥವರ ಮಾತನ್ನು ನಾನು ಪೂರ್ತಿ ನಂಬಲಾರೆ.

ಒಳಗೆ ಬರಬೇಕಾದರೆ ಪ್ರಜಾಪ್ರಭುತ್ವ ಇರಲೇಬೇಕು ಎಂಬ ಮಾತು ಮೂಲ ಒಪ್ಪಂದದಲ್ಲಿ ಸ್ಪಷ್ಟವಾಗಿರಲಿಲ್ಲ. 1962ರ ಜನವರಿಯಲ್ಲಿ ಜರ್ಮನಿಯ ಸಮಾಜವಾದಿ ಸಂಸದ ವಿಲ್ಲಿ ಬಿರ್ಕೆಲ್‌ಬಾಕ್ ಯುರೋಪಿನ ಸಂಸದೀಯ ಸಭೆಯ ಮುಂದಿಟ್ಟ ವರದಿ ಅದನ್ನು ಹೇಳಿತು. ಮುಂದಿನ ತಿಂಗಳೇ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಸ್ಪೇನ್ ಸಂಬಂಧ ಬೆಳೆಸಲು ಪತ್ರ ಬರೆದಾಗ ಆ ವರದಿ ಅಡ್ಡ ನಿಂತಿತು. ಸಲಜಾರನ ಪೋರ್ಚುಗಲ್‌ಗೂ ಆ ಬಾಗಿಲು ಮುಚ್ಚಿದಂತಾಯಿತು. ಆದರೆ ನ್ಯಾಟೊ ಎಂಬ ಸೇನಾಕೂಟ 1949ರಲ್ಲೇ ಪೋರ್ಚುಗಲನ್ನು ಸ್ಥಾಪಕ ಸದಸ್ಯನನ್ನಾಗಿ ಕೂರಿಸಿಕೊಂಡಿತ್ತು. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ನೆಲೆ ಅಮೆರಿಕಕ್ಕೆ ಬೇಕಿತ್ತು. ಸೈನ್ಯದ ಕೂಟಕ್ಕೆ ಸರ್ವಾಧಿಕಾರಿ ಆಗುತ್ತಾನೆ, ಸಂಸತ್ತಿನ ಕೂಟಕ್ಕೆ ಆಗುವುದಿಲ್ಲ. ಗ್ರಹಗಳ ಒಕ್ಕೂಟ ಕಲ್ಪಿಸಿಕೊಳ್ಳುವವರು ಈ ಎರಡು ಬಾಗಿಲುಗಳ ವ್ಯತ್ಯಾಸವನ್ನು ಗಮನಿಸಬೇಕು. ಮೊದಲನೆಯ ಬಾಗಿಲಿನಿಂದ ಸುಲಭವಾಗಿ ಒಳಬಂದವನಿಗೆ ಎರಡನೆಯದಕ್ಕಾಗಿ ಬದಲಾಗುವ ಅಗತ್ಯವೇ ಕಾಣುವುದಿಲ್ಲ. ಸಲಜಾರನಿಗೆ ಕಾಣಲಿಲ್ಲ.

1961ರಲ್ಲಿ ಸಾಮ್ರಾಜ್ಯ ಎರಡು ಕಡೆ ಬಿರುಕು ಬಿಟ್ಟಿತು. ವರ್ಷದ ಆರಂಭದಲ್ಲಿ ಅಂಗೋಲದಲ್ಲಿ ಬಂಡಾಯವೆದ್ದಿತು. ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಗೋವಾವನ್ನು ಬಿಡಿಸಿತು. ಅಂಜದೀವ್ ದ್ವೀಪಕ್ಕೆ ಇಳಿಯುವಾಗ ನಮ್ಮ ನೌಕಾಪಡೆಯ ಯೋಧರು ಪ್ರಾಣ ತೆತ್ತರು. ಗೋವಾದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಅವರಿಗೆ ಸಲಜಾರ್ ಕಳಿಸಿದ್ದ ಆದೇಶದ ತಾತ್ಪರ್ಯ ಇಷ್ಟು: ಶರಣಾಗಕೂಡದು, ಗೆಲ್ಲಬೇಕು ಇಲ್ಲವೇ ಸಾಯಬೇಕು. ಆ ಸೇನಾಧಿಕಾರಿ ತನ್ನ ಕೈಕೆಳಗಿನ ಕೆಲವೇ ಸಾವಿರ ಸೈನಿಕರನ್ನೂ ಗೋವಾದ ಜನರನ್ನೂ ಬಲಿ ಕೊಡದೆ ಶರಣಾದರು. ಅದಕ್ಕಾಗಿ ಅವರನ್ನು ಸೈನ್ಯದಿಂದಲೇ ತೆಗೆದುಹಾಕಲಾಯಿತು. ಅವರ ಗೌರವ ಮರಳಿದ್ದು ಸರ್ವಾಧಿಕಾರ ಬಿದ್ದ ಮೇಲೆ. ಸೋಲನ್ನು ಒಪ್ಪಿ ಜೀವ ಉಳಿಸಿದ ಅವರನ್ನು ನಾನು ಧೈರ್ಯವಂತ ಎಂದೇ ಕರೆಯುತ್ತೇನೆ.

ಗೋವಾ ಹೋದರೂ ಸಲಜಾರ್ ಪಾಠ ಕಲಿಯಲಿಲ್ಲ. 1963ರಲ್ಲಿ ಗಿನಿಯಲ್ಲಿ, 1964ರಲ್ಲಿ ಮೊಜಾಂಬಿಕ್‌ನಲ್ಲಿ ಸಶಸ್ತ್ರ ಹೋರಾಟ ಶುರುವಾಯಿತು. ಒಂದು ಸಣ್ಣ ದೇಶ ಒಟ್ಟೊಟ್ಟಿಗೆ ಮೂರು ಯುದ್ಧಗಳಿಗೆ ಇಳಿಯಿತು. ಸರ್ಕಾರದ ಖರ್ಚಿನಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಸೈನ್ಯಕ್ಕೆ ಹೋಯಿತು. ಹಳ್ಳಿಯ ಹುಡುಗರು ವರ್ಷಗಟ್ಟಲೆ ಕಡ್ಡಾಯವಾಗಿ ಆಫ್ರಿಕಾದ ಕಾಡುಗಳಲ್ಲಿರಬೇಕಾಯಿತು. ಇದರಿಂದ ತಪ್ಪಿಸಿಕೊಳ್ಳಲೂ ಹೊಟ್ಟೆ ಹೊರೆಯಲೂ ಲಕ್ಷಾಂತರ ಜನ ಫ್ರಾನ್ಸಿಗೆ ಹೋದರು, ಅವರಲ್ಲಿ ಅನೇಕರು ರಾತ್ರೋರಾತ್ರಿ ಗಡಿ ದಾಟಿದವರು. ಪೋರ್ಚುಗಲ್ ಸರ್ಕಾರ ಯುರೋಪಿಗೆ ಅರ್ಜಿ ಹಾಕುವ ಎಷ್ಟೋ ಮೊದಲೇ ಪೋರ್ಚುಗಲ್ ಜನ ಪ್ಯಾರಿಸ್ಸಿನ ಹೊರವಲಯದ ಕೊಳೆಗೇರಿಗಳಲ್ಲಿ ನಿಂತು ತಮ್ಮ ಆಯ್ಕೆಯನ್ನು ತಿಳಿಸಿದ್ದರು.

ಗಿನಿಯ ಹೋರಾಟದ ನಾಯಕ ಅಮೀಲ್ಕರ್ ಕಬ್ರಾಲ್ ಕೃಷಿ ವಿಜ್ಞಾನಿ, ಲಿಸ್ಬನ್‌ನಲ್ಲಿ ಓದಿದವರು. ನಮ್ಮ ಜಗಳ ಪೋರ್ಚುಗಲ್‌ನ ಜನರೊಂದಿಗಲ್ಲ, ಅವರ ವಸಾಹತುಶಾಹಿಯೊಂದಿಗೆ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. 1973ರ ಜನವರಿಯಲ್ಲಿ ಅವರ ಕೊಲೆಯಾಯಿತು. ಆದರೆ ಅದೇ ವರ್ಷದ ಸೆಪ್ಟೆಂಬರ್ 24ರಂದು ಗಿನಿ ಬಿಸ್ಸಾವ್ ತಾನಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಗೆಲ್ಲಲಾಗದ ಈ ಯುದ್ಧದಲ್ಲಿ ಬೆಂದ ಪೋರ್ಚುಗಲ್‌ನ ನಡುಹಂತದ ಸೇನಾಧಿಕಾರಿಗಳು, ಕ್ಯಾಪ್ಟನ್‌ಗಳು, ಗುಟ್ಟಾಗಿ ಸಭೆ ಸೇರತೊಡಗಿದರು. ಮೊದಮೊದಲು ಅವರ ತಕರಾರು ಬಡ್ತಿಯ ಹೊಸ ನಿಯಮದ ಬಗ್ಗೆ. ಕೆಲವೇ ತಿಂಗಳಲ್ಲಿ ಅದು ಯುದ್ಧವನ್ನೇ, ಆಮೇಲೆ ಸರ್ವಾಧಿಕಾರವನ್ನೇ ಪ್ರಶ್ನಿಸುವ ಮಟ್ಟಕ್ಕೆ ಬೆಳೆಯಿತು. ಗಿನಿಯಲ್ಲಿ ಗವರ್ನರ್ ಆಗಿದ್ದ ಜನರಲ್ ಸ್ಪೀನೊಲ, ಈ ಯುದ್ಧಕ್ಕೆ ಸೈನ್ಯದ ದಾರಿಯಲ್ಲಿ ಪರಿಹಾರವಿಲ್ಲ ಎಂದು 1974ರ ಫೆಬ್ರುವರಿಯಲ್ಲಿ ಪುಸ್ತಕ ಬರೆದೇ ಪ್ರಕಟಿಸಿದರು.

ಏಪ್ರಿಲ್ 25ರ ನಡುರಾತ್ರಿ ಕಳೆದ ಮೇಲೆ ರೇಡಿಯೊದಲ್ಲಿ ನಿಷಿದ್ಧ ಗಾಯಕ ಜುಜೆ ಅಫೊನ್ಸೊ ಅವರ ಹಾಡೊಂದು ಬಂತು. ಅದೇ ಸೂಚನೆ. ಸಾಂತರೆಂ ಊರಿನಿಂದ ಕ್ಯಾಪ್ಟನ್ ಸಲ್ಗೈರೊ ಮೈಯ ತನ್ನ ತುಕಡಿಯೊಂದಿಗೆ ಲಿಸ್ಬನ್‌ಗೆ ಹೊರಟರು. ಸಲಜಾರನ ಉತ್ತರಾಧಿಕಾರಿ ಕಯೆತಾನೊ ಕಾರ್ಮೊ ಚೌಕದ ರಿಪಬ್ಲಿಕನ್ ಗಾರ್ಡ್ ಪಡೆಯ ಠಾಣೆಯಲ್ಲಿ ಅಡಗಿದ್ದು, ಸಂಜೆಯ ಹೊತ್ತಿಗೆ ಅಧಿಕಾರ ಬಿಟ್ಟುಕೊಟ್ಟರು. ಮನೆಯಲ್ಲೇ ಇರಿ ಎಂದು ರೇಡಿಯೊ ಹೇಳಿದರೂ ಜನ ಬೀದಿಗೆ ಬಂದು ಸೈನಿಕರ ಬಂದೂಕಿನ ಬಾಯಿಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಗುಪ್ತ ಪೊಲೀಸರು ಗುಂಡು ಹಾರಿಸಿ ನಾಲ್ವರನ್ನು ಕೊಂದರು. 48 ವರ್ಷಗಳ ಸರ್ವಾಧಿಕಾರ ಒಂದೇ ದಿನದಲ್ಲಿ ಮುಗಿಯಿತು.

ದಂಗೆಯೆದ್ದ ಅಧಿಕಾರಿಗಳ ಕಾರ್ಯಕ್ರಮ ಮೂರು ಮಾತಿನದು: ಪ್ರಜಾಪ್ರಭುತ್ವ ತರುವುದು, ವಸಾಹತುಗಳನ್ನು ಬಿಡುವುದು, ದೇಶವನ್ನು ಅಭಿವೃದ್ಧಿಪಡಿಸುವುದು. ಮೊದಲೆರಡು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಗಮನಿಸಿ. ವಸಾಹತುಗಳನ್ನು ಇಟ್ಟುಕೊಂಡು ಪ್ರಜಾಪ್ರಭುತ್ವ ತರೋಣ ಎಂದವರು ಅಂದೂ ಇದ್ದರು. ಸ್ಪೀನೊಲ ಅವರೇ ಎಲ್ಲರೂ ಸೇರಿದ ಒಂದು ಸಂಯುಕ್ತ ರಾಜ್ಯದ ಕನಸು ಕಾಣುತ್ತಿದ್ದರು. ಆಫ್ರಿಕಾದವರು ಒಪ್ಪಲಿಲ್ಲ. ಕ್ಯಾಪ್ಟನ್‌ಗಳೂ ಒಪ್ಪಲಿಲ್ಲ. 1974ರ ಜುಲೈನಲ್ಲಿ ವಸಾಹತುಗಳ ಸ್ವಯಂನಿರ್ಧಾರದ ಹಕ್ಕನ್ನು ಕಾನೂನಿನಲ್ಲೇ ಮಾನ್ಯ ಮಾಡಲಾಯಿತು. ಆ ವರ್ಷದ ಕೊನೆಯ ದಿನ ವಿದೇಶಾಂಗ ಸಚಿವ ಮಾರಿಯೊ ಸೊವಾರೆಸ್ ದೆಹಲಿಯಲ್ಲಿ ಸಹಿ ಹಾಕಿ ಗೋವಾ ಭಾರತದ್ದೆಂದು ಒಪ್ಪಿಕೊಂಡರು. 1975ರ ಜೂನ್ 25ರಂದು ಮೊಜಾಂಬಿಕ್, ನವೆಂಬರ್ 11ರಂದು ಅಂಗೋಲ ಸ್ವತಂತ್ರವಾದವು.

ನಾನು ಒತ್ತಿ ಹೇಳಬೇಕಾದ ಸಂಗತಿ ಇಲ್ಲಿದೆ. ಪೋರ್ಚುಗಲನ್ನು ಸರ್ವಾಧಿಕಾರದಿಂದ ಬಿಡಿಸಿದ್ದು ಯುರೋಪಿನ ಒಕ್ಕೂಟದ ಷರತ್ತುಗಳಲ್ಲ. ಅಂಗೋಲ, ಗಿನಿ, ಮೊಜಾಂಬಿಕ್‌ಗಳ ಜನ ಹದಿಮೂರು ವರ್ಷ ಹೋರಾಡಿ ಸಾಮ್ರಾಜ್ಯದ ಸೈನ್ಯಕ್ಕೆ ಅದರ ವ್ಯರ್ಥತೆಯನ್ನು ಮನವರಿಕೆ ಮಾಡಿಕೊಟ್ಟರು. ಆಳಿಸಿಕೊಂಡವರು ತಮ್ಮನ್ನು ಬಿಡಿಸಿಕೊಳ್ಳುವಾಗ ಆಳಿದವರನ್ನೂ ಬಿಡಿಸಿದರು.

ಯುರೋಪ್ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಕ್ರಾಂತಿಯ ನಂತರದ ಎರಡು ವರ್ಷ ಪೋರ್ಚುಗಲ್ ತೂಗುಯ್ಯಾಲೆಯಲ್ಲಿತ್ತು. 1975ರ ಮಾರ್ಚ್‌ನಲ್ಲಿ ಬಲಪಂಥೀಯರ, ನವೆಂಬರ್‌ನಲ್ಲಿ ಎಡಪಂಥೀಯ ಸೈನಿಕರ ದಂಗೆಗಳು ವಿಫಲವಾದವು. ಆಫ್ರಿಕಾದಿಂದ ಸುಮಾರು ಐದು ಲಕ್ಷ ಪೋರ್ಚುಗೀಸರು ಗಂಟುಮೂಟೆ ಕಟ್ಟಿಕೊಂಡು ಮರಳಿದರು, ಅದೂ ಸುಮಾರು 90 ಲಕ್ಷ ಜನರ ದೇಶಕ್ಕೆ. ಇಂಥ ಹೊತ್ತಿನಲ್ಲಿ, ಬಹುಪಕ್ಷ ಪ್ರಜಾಪ್ರಭುತ್ವಕ್ಕೆ ಮಾತ್ರ ನಮ್ಮ ನೆರವು ಎಂದು ಯುರೋಪಿನ ನಾಯಕರು 1975ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದರು. ಅದಕ್ಕೂ ಮೊದಲೇ ಪೋರ್ಚುಗಲ್‌ನ ಜನ ಸಂವಿಧಾನ ಸಭೆಯ ಚುನಾವಣೆಯಲ್ಲಿ ಶೇ. 91ಕ್ಕೂ ಹೆಚ್ಚು ಪ್ರಮಾಣದಲ್ಲಿ ಮತ ಹಾಕಿ ತಮ್ಮ ಮನಸ್ಸನ್ನು ತಿಳಿಸಿದ್ದರು. 1976ರಲ್ಲಿ ಸಂವಿಧಾನ ಜಾರಿಗೆ ಬಂತು. ಯುರೋಪ್ ನಮ್ಮೊಂದಿಗಿದೆ ಎಂಬ ಘೋಷಣೆಯೊಂದಿಗೆ ಗೆದ್ದ ಸೊವಾರೆಸ್ ಪ್ರಧಾನಿಯಾದರು. 1977ರ ಮಾರ್ಚ್ 28ರಂದು ಅರ್ಜಿ ಹೋಯಿತು.

ಅಲ್ಲಿಂದ ಮುಂದೆ ಎಂಟು ವರ್ಷ ಹಗ್ಗಜಗ್ಗಾಟ. ಸಂಧಾನದ ಮೇಜಿನ ಮೇಲೆ ಇದ್ದದ್ದು ವೈನು, ಮೀನು, ಬಟ್ಟೆ, ಕಾರ್ಮಿಕರ ವಲಸೆ. ಸ್ಪೇನೂ ಜೊತೆಗೇ ಅರ್ಜಿ ಹಾಕಿತ್ತು, ಅದರ ಹಣ್ಣು ತರಕಾರಿಗೆ ಹೆದರಿದ ಫ್ರಾನ್ಸಿನ ರೈತರ ಮಾತು ಕೇಳಿ ಅಲ್ಲಿನ ಅಧ್ಯಕ್ಷ ಜಿಸ್ಕಾರ್ ದೆಸ್ತೆಂ 1980ರಲ್ಲಿ ವಿಸ್ತರಣೆಯನ್ನೇ ತಡೆದರು. ಈ ವಿವರಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆದರೆ 1982ರಲ್ಲಿ ನಡೆದದ್ದು ಮುಖ್ಯ. ಕ್ರಾಂತಿ ಮಾಡಿದ ಸೇನಾಧಿಕಾರಿಗಳು ಕೂತಿದ್ದ ಕ್ರಾಂತಿ ಪರಿಷತ್ತಿಗೆ ಕಾನೂನುಗಳನ್ನು ತಡೆಯುವ ಅಧಿಕಾರವಿತ್ತು. ಸಂವಿಧಾನ ತಿದ್ದುಪಡಿಯಾಗಿ ಆ ಪರಿಷತ್ತು ರದ್ದಾಯಿತು, ಅದರ ಜಾಗದಲ್ಲಿ ಸಂವಿಧಾನ ನ್ಯಾಯಾಲಯ ಬಂತು. ದೇಶಕ್ಕೆ ಬಿಡುಗಡೆ ತಂದವರೇ ಬ್ಯಾರಕ್ಕಿಗೆ ಮರಳಿದರು. ಯುದ್ಧವನ್ನೇ ಮರ್ಯಾದೆ ಎಂದುಕೊಂಡ ಯಾವ ಸಾಮ್ರಾಜ್ಯಕ್ಕೂ ಇದಕ್ಕಿಂತ ಕಷ್ಟದ ಪರೀಕ್ಷೆ ಇನ್ನೊಂದಿರಲಾರದು.

1985ರ ಜೂನ್ 12ರಂದು ಲಿಸ್ಬನ್‌ನ ಜೆರೊನಿಮೊಸ್ ಮಠದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಆ ಮಠದಲ್ಲಿ ವಾಸ್ಕೊ ಡ ಗಾಮನ ಸಮಾಧಿ ಇದೆ. ಆಫ್ರಿಕಾ ಮತ್ತು ಪೂರ್ವದೇಶಗಳಿಂದ ಬರುತ್ತಿದ್ದ ಸರಕಿನ ಮೇಲೆ ಹಾಕಿದ ಶೇ. 5ರ ಸುಂಕದಿಂದ ಕಟ್ಟಿದ ಕಟ್ಟಡ ಅದು. ನಮ್ಮ ಘಟ್ಟದ ಮೆಣಸಿನ ದುಡ್ಡೂ ಅದರ ಕಲ್ಲುಗಳಲ್ಲಿದೆ. 1986ರ ಜನವರಿ 1ರಂದು ಪೋರ್ಚುಗಲ್ ಸದಸ್ಯ ದೇಶವಾಯಿತು.

ಅಂದು ಹಳೆಯ ವಸಾಹತುಗಳಲ್ಲಿ ಏನಾಗುತ್ತಿತ್ತು? ತರಾತುರಿಯಲ್ಲಿ ಬಿಟ್ಟುಬಂದ ಅಂಗೋಲದಲ್ಲಿ ಅಂತರ್ಯುದ್ಧ ಉರಿಯುತ್ತಿತ್ತು, ಅದು ನಿಂತದ್ದು 2002ರಲ್ಲಿ. ಮೊಜಾಂಬಿಕ್‌ನಲ್ಲಿ 1992ರವರೆಗೆ ಯುದ್ಧ. ಪೋರ್ಚುಗಲ್ ಕೈಬಿಟ್ಟ ಪೂರ್ವ ತಿಮೋರನ್ನು 1975ರ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾ ಆಕ್ರಮಿಸಿತ್ತು. ಒಕ್ಕೂಟದ ಸದಸ್ಯತ್ವದ ಪರೀಕ್ಷೆಯಲ್ಲಿ ಇದಾವುದಕ್ಕೂ ಅಂಕವಿರಲಿಲ್ಲ. 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರವೇಶದ ಮಾನದಂಡಗಳನ್ನು ಲಿಖಿತವಾಗಿ ಇಟ್ಟಾಗಲೂ ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ, ಮಾರುಕಟ್ಟೆ ಆರ್ಥಿಕತೆ ಬಂದವು. ಒಂದು ಕಾಲದಲ್ಲಿ ಆಳಿದ ಜನರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಸಾಲು ಬರಲಿಲ್ಲ. 1972ರ ಡಿಸೆಂಬರ್‌ನಲ್ಲಿ ಮೊಜಾಂಬಿಕ್‌ನ ವಿರಿಯಾಮು ಹಳ್ಳಿಯಲ್ಲಿ ಪೋರ್ಚುಗಲ್ ಸೈನಿಕರು ನಡೆಸಿದ ಹತ್ಯಾಕಾಂಡಕ್ಕೆ ಆ ದೇಶದ ಪ್ರಧಾನಿ ಕ್ಷಮೆ ಕೇಳಿದ್ದು 2022ರಲ್ಲಿ. ಕೇಳಿದವರು ಆಂತೊನಿಯೊ ಕೋಸ್ಟ. ಅವರ ತಂದೆ ಗೋವಾ ಮೂಲದ ಲೇಖಕ ಒರ್ಲಾಂದೊ ಡ ಕೋಸ್ಟ. ಅದೇ ಆಂತೊನಿಯೊ ಕೋಸ್ಟ 2024ರ ಡಿಸೆಂಬರ್ 1ರಿಂದ ಯುರೋಪಿಯನ್ ಕೌನ್ಸಿಲ್‌ನ ಅಧ್ಯಕ್ಷ. ಒಕ್ಕೂಟದ ದಾರಿ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆ ಕ್ಷಮೆಗೆ ಐವತ್ತು ವರ್ಷ ಬೇಕಾಯಿತು ಎಂಬುದೂ ಅಷ್ಟೇ ನಿಜ.

ಆಳಿಸಿಕೊಂಡವರಿಗೆ ಮೇಜಿನ ಬಳಿ ಜಾಗ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ಯುರೋಪಿನಲ್ಲೇ ಉದಾಹರಣೆ ಇದೆ. 1973ರ ಜನವರಿ 1ರಂದು ಬ್ರಿಟನ್ ಮತ್ತು ಐರ್ಲೆಂಡ್ ಒಂದೇ ದಿನ ಒಳಬಂದವು. ಶತಮಾನಗಳ ಕಾಲ ಲಂಡನ್ ಹೇಳಿದ್ದನ್ನು ಕೇಳಬೇಕಾಗಿದ್ದ ಡಬ್ಲಿನ್‌ಗೆ ಇಲ್ಲಿ ಸರಿಸಮಾನ ಕುರ್ಚಿ ಸಿಕ್ಕಿತು. ಬ್ರಿಟನ್ 2020ರಲ್ಲಿ ಹೊರಹೋಗುವಾಗ ಐರ್ಲೆಂಡ್ ಗಡಿಯ ಪ್ರಶ್ನೆಯನ್ನು ಬದಿಗಿಟ್ಟು ಯಾವ ಒಪ್ಪಂದವೂ ಸಾಧ್ಯವಾಗಲಿಲ್ಲ, ಏಕೆಂದರೆ ಉಳಿದ ಇಪ್ಪತ್ತಾರು ದೇಶಗಳು ಐರ್ಲೆಂಡ್ ಬೆನ್ನಿಗಿದ್ದವು. ಹಾಗೆಯೇ ಮಾಸ್ಕೊ ಆಳಿದ್ದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ 2004ರ ಮೇ 1ರಂದು ಸದಸ್ಯರಾದವು. ರಷ್ಯಾ ಎಂದಾದರೂ ಬದಲಾಗಿ ಅರ್ಜಿ ಹಾಕಿದರೆ ಅದರ ಮೇಲೆ ಮತ ಹಾಕುವವರಲ್ಲಿ ಈ ಮೂವರೂ ಇರುತ್ತಾರೆ, ಒಬ್ಬರು ಬೇಡವೆಂದರೂ ಅರ್ಜಿ ಮುಂದೆ ಹೋಗದು. ಗೆಲ್ಲಲ್ಪಟ್ಟವರು ಮೊದಲು ಒಳಗೆ, ಗೆದ್ದವರು ಆಮೇಲೆ. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ.

ಒಳಬಂದ ಮೇಲೆ ಹಳೆಯ ಚಾಳಿಗೆ ಮರಳಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಟ್ಟಿರಬೇಕು. ಹಂಗೆರಿಯ ಮೇಲೆ 2018ರಲ್ಲಿ ಯುರೋಪಿನ ಸಂಸತ್ತು ಶಿಸ್ತುಕ್ರಮದ ವಿಧಿಯನ್ನು ಪ್ರಯೋಗಿಸಿತು. ಆದರೆ ಮತದಾನದ ಹಕ್ಕು ಕಸಿಯುವ ಹಂತಕ್ಕೆ ಉಳಿದೆಲ್ಲ ಸದಸ್ಯರ ಒಮ್ಮತ ಬೇಕು, ಅದು ಕೂಡಿಬರುವುದು ಬಹಳ ಕಷ್ಟ. ಪೋರ್ಚುಗಲ್ ಚಿಕ್ಕದಾಗಿದ್ದರಿಂದ ಯುರೋಪಿಗೆ ಜೀರ್ಣವಾಯಿತು ಎಂಬುದನ್ನೂ ಮರೆಯಬಾರದು. ನೂರು ಗ್ರಹಗಳ ನೌಕಾಪಡೆಯೊಂದಿಗೆ ಬರುವ ಸಾಮ್ರಾಜ್ಯ ಇಡಿಯಾಗಿ ಒಳಬಂದರೆ ಒಕ್ಕೂಟವೇ ಅದರ ಪ್ರಾಂತ್ಯವಾಗಿಬಿಡುತ್ತದೆ. ಅದು ಬಿಡಿಬಿಡಿಯಾಗಿ, ಒಂದೊಂದು ಗ್ರಹವೂ ತನ್ನ ಜನರ ಮತ ಪಡೆದೇ ಬರಬೇಕು.

ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆಯುವವರಿಗೆ ನನ್ನದೊಂದು ಕೋರಿಕೆ. ನಾವು ಗೆದ್ದವರ ಹಡಗನ್ನು ದಡದಲ್ಲಿ ನಿಂತು ಕಂಡ ಜನ. ನಿಮ್ಮ ನಕ್ಷತ್ರಗಳ ಒಕ್ಕೂಟಕ್ಕೆ ಸಾಮ್ರಾಜ್ಯವೊಂದು ಅರ್ಜಿ ಹಾಕುವ ದಿನ ಬಂದರೆ, ಅದು ಆಳಿದ ಗ್ರಹದ ಒಬ್ಬ ಹೆಣ್ಣುಮಗಳನ್ನು ಆ ಸಭೆಯಲ್ಲಿ ಕೂರಿಸಿ. ಅವಳಿಗೆ ಮಾತಾಡಲು ಅವಕಾಶ ಕೊಟ್ಟರೆ ಸಾಲದು, ಬೇಡ ಎನ್ನುವ ಅಧಿಕಾರವನ್ನೂ ಕೊಡಿ.